ಗೋಣಿ ಮಾವ ತೇಲಿಹೋದ ದಿನ

“ಅದು ಬೊಂಬೆ! ಮನುಷ್ಯ ಅಲ್ಲ ಕಣ್ರೀ, ಬೊಂಬೆ ಅದು!”

ಸೈರನ್ ಸೇತುವೆಯ ಕಂಬಿಗೆ ಹೊಟ್ಟೆ ಒತ್ತಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಆದರೆ ಸೇತುವೆಯ ಮೇಲೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಎಲ್ಲರೂ ಕೂಗುವಾಗ ಯಾರ ಮಾತು ಯಾರ ಕಿವಿಗೆ ಬೀಳುತ್ತದೆ?

“ಅಯ್ಯೋ, ಯಾರೋ ತೇಲ್ಕೊಂಡು ಬರ್ತಿದಾರೆ!” ಎಂದು ತರಕಾರಿ ಚೀಲದ ಹೆಂಗಸು ಎದೆ ಹಿಡಿದುಕೊಂಡರು.

ನಿಜ, ಹೊಳೆಯಲ್ಲಿ ಯಾರೋ ತೇಲಿ ಬರುತ್ತಿದ್ದರು. ನೀಲಿ ಶರ್ಟು, ಕಂದು ಪ್ಯಾಂಟು, ಕಾಲಿಗೆ ಬೂಟು. ಮುಖ ಆಕಾಶದ ಕಡೆಗೆ. ರಜಾದಿನ ಮಂಚದ ಮೇಲೆ ಮಲಗಿದವರ ಹಾಗೆ ಆರಾಮಾಗಿ ಬರುತ್ತಿದ್ದರು.

“ಇವರು ನಂಗೆ ಗೊತ್ತು,” ಎಂದ ಸಲೂನಿನವನು. ಅವನ ಕೈಯಲ್ಲಿ ಬಾಚಣಿಗೆ ಹಾಗೇ ಇತ್ತು. ಪಕ್ಕದಲ್ಲಿ ಅರ್ಧ ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡ ಗಿರಾಕಿಯೂ ಓಡಿಬಂದಿದ್ದ. “ಮೊನ್ನೆ ತಾನೆ ನನ್ನ ಹತ್ರ ಮೀಸೆ ಟ್ರಿಮ್ ಮಾಡಿಸ್ಕೊಂಡ್ರು. ತುಂಬಾ ಕಮ್ಮಿ ಮಾತು.”

“ಆ ಮೀಸೆ ನಾನು ಬರೆದಿದ್ದು!” ಸೈರನ್ ಅವನ ಅಂಗಿ ಜಗ್ಗಿದಳು. “ಸ್ಕೆಚ್ ಪೆನ್ನಲ್ಲಿ!”

ತರಕಾರಿ ಚೀಲದವರು ಅವಳ ತಲೆ ಸವರಿದರು. “ಪಾಪ, ಮಗು ಹೆದರಿ ಏನೇನೋ ಮಾತಾಡ್ತಿದೆ. ಯಾರಾದ್ರೂ ನೀರು ಕುಡಿಸಿ.”

ಸೈರನ್ ಎಂಬುದು ಅವಳ ನಿಜವಾದ ಹೆಸರೇನಲ್ಲ. ಅವಳ ಅಮ್ಮ ರಕ್ಷಣಾ ಠಾಣೆಯಲ್ಲಿ ಬೋಟು ಓಡಿಸುವ ಚಾಲಕಿ. ಮಗಳು ತೊಟ್ಟಿಲಲ್ಲಿ ಅತ್ತರೆ ಠಾಣೆಯವರು ತುರ್ತು ಕರೆ ಬಂತೆಂದು ಬೂಟು ಹಾಕಿಕೊಳ್ಳುತ್ತಿದ್ದರಂತೆ. ಅಂದಿನಿಂದ ಆ ಹೆಸರು ಅಂಟಿಕೊಂಡಿತು.

ಇನ್ನು ತೇಲುತ್ತಿದ್ದವನು ಗೋಣಿ ಮಾವ. ಅವನು ಠಾಣೆಯ ಅಭ್ಯಾಸದ ಬೊಂಬೆ. ಗೋಣಿ ಬಟ್ಟೆಯ ಮೈ, ಹೊಟ್ಟೆಯೊಳಗೆ ಮರಳು, ಮುಳುಗದಿರಲಿ ಎಂದು ಮರಳಿನ ಸುತ್ತ ಥರ್ಮಕೋಲ್ ಚೂರು. ಒಬ್ಬ ಗಟ್ಟಿ ಆಳಿನಷ್ಟು ತೂಕ. ಕಳೆದ ರಜೆಯಲ್ಲಿ ಅವನಿಗೆ ಕಣ್ಣು, ಮೂಗು, ಮೀಸೆ ಬರೆದವಳು ಸೈರನ್ನೇ.

ಇವತ್ತು ಅಣಕು ಕಾರ್ಯಾಚರಣೆ. ಹೊಳೆಯಲ್ಲಿ ಬಿದ್ದವರನ್ನು ಹೇಗೆ ಕಾಪಾಡುತ್ತಾರೆಂದು ಊರಿಗೆ ತೋರಿಸುವ ಕಾರ್ಯಕ್ರಮ. ಡ್ರಿಲ್ ಮೇಷ್ಟ್ರು ಇಡೀ ಕ್ಲಾಸನ್ನು ಸೇತುವೆಗೆ ಕರೆತಂದಿದ್ದರು.

ಸೇತುವೆಯಿಂದ ದೂರ, ಹೊಳೆಯ ಮೇಲ್ಭಾಗದ ಮೆಟ್ಟಿಲ ಹತ್ತಿರ ಗೋಣಿ ಮಾವನನ್ನು ಕೆಂಪು ಹಗ್ಗದಲ್ಲಿ ಕಟ್ಟಿದ್ದರು. ಅಧಿಕಾರಿಗಳು ರಿಬ್ಬನ್ ಕತ್ತರಿಸಿ ಉದ್ಘಾಟನೆ ಮಾಡಬೇಕು. ಬೋಟು ತನ್ನ ಜಾಗಕ್ಕೆ ಹೋಗಿ ನಿಲ್ಲಬೇಕು. ಆಮೇಲೆ ಬೊಂಬೆಯನ್ನು ಬಿಡಬೇಕು. ಇದು ಪ್ಲಾನು.

ಆದರೆ ರಿಬ್ಬನ್ನೂ ಕೆಂಪು, ಹಗ್ಗವೂ ಕೆಂಪು. ಕತ್ತರಿ ಮಾತ್ರ ಹೊಸದು, ಒಳ್ಳೆ ಹರಿತ. ಅಧಿಕಾರಿಗಳು ನಗುನಗುತ್ತಾ ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ರಿಬ್ಬನ್ ಅಲ್ಲೇ ಉಳಿಯಿತು, ಗೋಣಿ ಮಾವ ಹೊರಟುಹೋದ.

ಅಧಿಕಾರಿಗಳಿಗೆ ಇದು ಗೊತ್ತೇ ಆಗಲಿಲ್ಲ. ಅವರು ಮೈಕ್ ಹಿಡಿದು ಭಾಷಣ ಶುರುಮಾಡಿದ್ದರು. “ಮುಳುಗುವವರು ಮೊದಲಾಗಿ ಧೈರ್ಯ ಕಳೆದುಕೊಳ್ಳಬಾರದು. ಎರಡನೆಯದಾಗಿ...” ಭಾಷಣ ಮುಗಿಯದೆ ಕಾರ್ಯಕ್ರಮ ಶುರುವಾಗುವುದಿಲ್ಲವೆಂದು ಸೇತುವೆಯಲ್ಲಿದ್ದವರೆಲ್ಲ ನಂಬಿದ್ದರು; ಬೊಂಬೆಯ ವಿಷಯವಂತೂ ಅವರಿಗೆ ಯಾರೂ ಹೇಳಿರಲಿಲ್ಲ.

ಗೋಣಿ ಮಾವ ಸೇತುವೆಯ ಕೆಳಗೆ ನುಸುಳಿದ. ಜನವೆಲ್ಲ ದಬದಬ ಸೇತುವೆಯ ಆಚೆ ಬದಿಗೆ ಓಡಿತು. ಅಲ್ಲಿ, ಕೊಂಚ ಕೆಳಗೆ, ಹೋದ ತಿಂಗಳ ಗಾಳಿಗೆ ಬಿದ್ದ ದೊಡ್ಡ ಮರವೊಂದು ದಡದಿಂದ ಅರ್ಧ ಹೊಳೆಯವರೆಗೆ ಅಡ್ಡ ಮಲಗಿತ್ತು. ಗೋಣಿ ಮಾವ ಹೋಗಿ ಅದರ ಕೊಂಬೆಗೆ ಸಿಕ್ಕಿಕೊಂಡ. ನೀರಿನ ಸೆಳೆತಕ್ಕೆ ಅವನ ಬಲಗೈ ಮೇಲೆದ್ದು ಅತ್ತ ಇತ್ತ ಆಡತೊಡಗಿತು.

“ಕೈ ಬೀಸ್ತಿದಾರೆ! ಜೀವ ಇದೆ!”

ಸೇತುವೆಯಲ್ಲಿದ್ದ ಅರ್ಧ ಜನ ತಿರುಗಿ ಕೈ ಬೀಸಿದರು.

ಆಗ ಸೇತುವೆಯ ಕಮಾನಿನ ಕೆಳಗಿನಿಂದ ಬೋಟು ಬಂತು. ಕಿತ್ತಳೆ ಬಣ್ಣದ ಬೋಟು, ಹಿಂದೆ ಎಂಜಿನ್ ಹಿಡಿದ ಅಮ್ಮ, ಮುಂದೆ ಹಗ್ಗದ ಚೀಲ ಹಿಡಿದ ಅಮ್ಮನ ಜೊತೆಗಾರ, ಹಗ್ಗದ ಮಾಮ. ಸೈರನ್ ಎದೆ ಉಬ್ಬಿಸಿದಳು. ವಾರವಿಡೀ ಅವಳು ಕ್ಲಾಸಿನಲ್ಲಿ ಹೇಳಿದ್ದೇ ಹೇಳಿದ್ದು: “ನಮ್ಮಮ್ಮನ ಬೋಟು ರಾಕೆಟ್ ಥರ. ಝುಂಯ್ ಅಂತ ಹೋಗತ್ತೆ, ಟಪ್ ಅಂತ ಎತ್ಕೊಂಡು ಬರತ್ತೆ.”

ಬೋಟು ಝುಂಯ್ ಅನ್ನಲಿಲ್ಲ. ಗುರು ಗುರು ಅನ್ನುತ್ತಾ ಮೆಲ್ಲಗೆ ಬಂತು. ಮರದ ಹತ್ತಿರವೂ ಹೋಗಲಿಲ್ಲ. ದೂರದಿಂದ ಬಳಸಿ, ಮರ ದಾಟಿ ಕೆಳಗೆ ಹೋಗಿ, ಮೂತಿ ತಿರುಗಿಸಿ, ದಡದ ಪಕ್ಕದ ನಿಂತ ನೀರಿನಲ್ಲಿ ಸುಮ್ಮನೆ ನಿಂತಿತು.

“ಇದೇನಾ ರಾಕೆಟ್ಟು?” ಎಂದ ಪೆನ್ಸಿಲ್. ಅವಳ ಬೆಂಚಿನ ಪಕ್ಕದ ಹುಡುಗ ಅವನು, ಉದ್ದಕ್ಕೆ, ಸಣ್ಣಕ್ಕೆ, ಮಾತು ಮಾತ್ರ ಚೂಪು. “ನಮ್ಮಜ್ಜಿ ವಾಕಿಂಗ್ ಹೋಗೋದೇ ಇದಕ್ಕಿಂತ ಫಾಸ್ಟು.”

ಸೈರನ್ ಕಿವಿ ಬಿಸಿಯಾಯಿತು.

ಬೋಟಿನಲ್ಲಿ ಅಮ್ಮ ನೀರನ್ನೇ ನೋಡುತ್ತಿದ್ದಳು. ಒಂದು ಕಡ್ಡಿ ಎಸೆದು ಅದು ಎತ್ತ ಹೋಗುತ್ತದೆಂದು ನೋಡಿದಳು. ಮರದ ತುದಿಯ ಕಡೆಗೆ ಕೈ ತೋರಿಸಿ ಹಗ್ಗದ ಮಾಮನಿಗೆ ಏನೋ ಹೇಳಿದಳು. ಅವನು ತಲೆಯಾಡಿಸಿದ. ಇನ್ನೊಂದು ಕಡ್ಡಿ ಎಸೆದಳು.

ಮನೆಯಲ್ಲೂ ಅಮ್ಮ ಹೀಗೇ. ಒಮ್ಮೆ ಅಡುಗೆಮನೆಗೆ ಹಲ್ಲಿ ಬಂದಾಗ, ಯಾವ ಕಿಟಕಿ ತೆರೆಯಬೇಕು, ಯಾರು ಪೊರಕೆ ಹಿಡಿಯಬೇಕು, ಯಾರು ಸ್ಟೂಲಿನ ಮೇಲೆ ನಿಲ್ಲಬೇಕು ಎಂದು ಅಮ್ಮ ಎಷ್ಟು ಹೊತ್ತು ಯೋಚಿಸಿದಳೆಂದರೆ, ಹಲ್ಲಿ ಬೇಸತ್ತು ತಾನೇ ಹೊರಟುಹೋಯಿತು.

“ಅಲ್ಲಿ ಜೀವ ಹೋಗ್ತಿದೆ, ಇವರು ಮೀಟಿಂಗ್ ಮಾಡ್ತಿದಾರೆ!” ಎಂದು ಜನ ರೇಗಿದರು.

“ಕಾಫಿ ತರಿಸೋಣ್ವಾ ಮೇಡಂ?” ಎಂದು ಯಾರೋ ಕೂಗಿದರು.

ಹಗ್ಗದ ಮಾಮನಿಗೆ ಆಗ ವಿಷಯ ಹೊಳೆಯಿತು. ಅವನು ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. “ಗಾಬರಿ ಆಗ್ಬೇಡಿ! ಬೊಂಬೆ! ಬೊಂಬೆ!”

ಗಾಳಿ ಎದುರಿಗಿತ್ತು.

“ಬೊಂಬು ಬೇಕಂತೆ!” ಎಂದ ಸಲೂನಿನವನು. “ಬೊಂಬು! ಬೊಂಬು ತನ್ನಿ!”

ಸೇತುವೆಯ ಮಗ್ಗುಲಲ್ಲಿ ಒಂದು ಮನೆಗೆ ಬಣ್ಣ ಹೊಡೆಯುತ್ತಿದ್ದರು. ಜನ ನುಗ್ಗಿ ಅಟ್ಟಣಿಗೆಯ ಬೊಂಬುಗಳನ್ನು ಬಿಚ್ಚತೊಡಗಿದರು. “ಏಯ್, ನಾನಿನ್ನೂ ಮೇಲಿದೀನಿ!” ಎಂದು ಪೇಂಟರ್ ಬ್ರಷ್ ಹಿಡಿದು ಅರಚಿದ. ಯಾರೋ ಅವನನ್ನು ಇಳಿಸಿದರು. ಒಂದಾದ ಮೇಲೊಂದು ಬೊಂಬು ಹೊಳೆಗೆ ಬಿತ್ತು.

ಕುರ್ಚಿ ಅಂಗಡಿಯವನಿಗೂ ಸುಮ್ಮನಿರಲು ಆಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಎಸೆದ.

“ಕುರ್ಚಿ ಯಾಕ್ರೀ?”

“ತೇಲತ್ತೆ. ಸುಸ್ತಾದ್ರೆ ಕೂತ್ಕೊಳ್ಳಲಿ.”

ಆಮೇಲೆ ಬಕೆಟ್ಟು ಬಂತು, ಟೈರು ಬಂತು, ಖಾಲಿ ಡಬ್ಬಿಗಳು ಬಂದವು. ಕೊನೆಗೆ ನಾಲ್ಕು ಜನ ಸೇರಿ ಸೇತುವೆಗೆ ಕಟ್ಟಿದ್ದ ಉದ್ದನೆಯ ಬಟ್ಟೆಯ ಬ್ಯಾನರನ್ನು ಬಿಚ್ಚಿ, ಹಗ್ಗ ಇಳಿಸಿದ ಹಾಗೆ ನೀರಿಗೆ ಇಳಿಸಿದರು. ಕೈ ಜಾರಿ ಅದೂ ಹೋಯಿತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ನೀರಿಗೆ ಏನನ್ನೂ ಎಸೆಯಬೇಡಿ’ ಎಂದು ಬರೆದಿತ್ತು.

ಇಷ್ಟೆಲ್ಲ ನಡೆಯುವಾಗ ಡ್ರಿಲ್ ಮೇಷ್ಟ್ರು ಮಾತ್ರ ಏನನ್ನೂ ಎಸೆದಿರಲಿಲ್ಲ. ಅವರು ಕಣ್ಣು ಕಿರಿದು ಮಾಡಿ ಆ ಬೀಸುವ ಕೈಯನ್ನೇ ನೋಡುತ್ತಿದ್ದರು.

ಮೇಷ್ಟ್ರು ಶಾಲೆಯಲ್ಲಿ ಈಜು ಕಲಿಸುತ್ತಿದ್ದರು. ಶಾಲೆಯಲ್ಲಿ ಕೊಳ ಇರಲಿಲ್ಲ. ಅದಕ್ಕೇ ಮಕ್ಕಳು ಬೆಂಚಿನ ಮೇಲೆ ಬೋರಲು ಮಲಗಿ, ಪೀಪಿಯ ತಾಳಕ್ಕೆ ಕೈಕಾಲು ಆಡಿಸುತ್ತಿದ್ದರು. ಬೆಂಚಿನ ಮೇಲೆ ಇಡೀ ಕ್ಲಾಸು ಬಹಳ ಚೆನ್ನಾಗಿ ಈಜುತ್ತಿತ್ತು.

“ನನ್ನನ್ನೇ ಕರೀತಿದಾರೆ,” ಎಂದರು ಮೇಷ್ಟ್ರು. ಬೂಟು ಬಿಚ್ಚಿ ಸೈರನ್ ಕೈಗೆ ಕೊಟ್ಟರು. “ಹಿಡ್ಕೋ.”

“ಸರ್, ಅದು ಬೊಂಬೆ ಸರ್!”

“ಬೊಂಬು ಬೇಡಮ್ಮ. ನಂಗೆ ಈಜು ಬರತ್ತೆ.”

ಅವರು ಮೆಟ್ಟಿಲಿಳಿದು ಓಡಿ, ಮರಕ್ಕಿಂತ ಮೇಲೆ, ನೇರ ಹೊಳೆಗೆ ಹಾರಿಯೇಬಿಟ್ಟರು. ಸೇತುವೆಯ ಮೇಲೆ ಭಾರೀ ಚಪ್ಪಾಳೆ ಬಿತ್ತು.

ಮೊದಲು ಒಂದೆರಡು ಸಲ ಕೈ ಬೀಸಿದ್ದು ಬೆಂಚಿನ ಮೇಲಿನ ಹಾಗೇ ಅಂದವಾಗಿತ್ತು. ಪೀಪಿ ಕೂಡ ಊದಿದರು. ಆಮೇಲೆ ನೀರು ಅವರನ್ನು ಪಕ್ಕಕ್ಕೆ ತಿರುಗಿಸಿತು. ತಲೆ ಒಳಗೆ ಹೋಯಿತು. ಮೇಲೆ ಬಂತು. ಪೀಪಿಯಿಂದ ಗುಳುಗುಳು ಸದ್ದು ಬಂತು. ಮತ್ತೆ ತಲೆ ಒಳಗೆ ಹೋಯಿತು.

ಚಪ್ಪಾಳೆ ನಿಂತಿತು. ಹೊಳೆ ಮೇಷ್ಟ್ರನ್ನು ಸೀದಾ ಮರದ ಕಡೆಗೆ ಒಯ್ಯುತ್ತಿತ್ತು.

ಸೈರನ್‌ಗೆ ಅಮ್ಮನ ಮಾತು ನೆನಪಾಯಿತು. ಒಂದು ಬೆಳಿಗ್ಗೆ ಟೀ ಸೋಸುವಾಗ ಅಮ್ಮ ಹೇಳಿದ್ದಳು. “ನೋಡು, ನೀರು ದಾಟ್ಕೊಂಡು ಹೋಗತ್ತೆ, ಸೊಪ್ಪು ಜಾಲರೀಲಿ ಉಳಿಯತ್ತೆ. ಹೊಳೇಲಿ ಬಿದ್ದ ಮರಾನೂ ಹೀಗೇ. ಅದರ ಕೊಂಬೆಗೆ ನೀರು ಮನುಷ್ಯನ್ನ ಒತ್ತಿಬಿಟ್ರೆ ಬಿಡಿಸೋದು ಬಹಳ ಕಷ್ಟ.”

“ಅಮ್ಮಾ!” ಎಂದು ಕೂಗಿದಳು. ಆ ಕೂಗಿಗೆ ಸಲೂನಿನವನ ಬಾಚಣಿಗೆ ಕೈಯಿಂದ ಬಿದ್ದುಹೋಯಿತು.

ಆದರೆ ಅಮ್ಮ ಆಗಲೇ ಹೊರಟಿದ್ದಳು. ಎಂಜಿನ್ ಗುಡುಗಿತು. ಬೋಟು ನಿಂತ ನೀರಿನಿಂದ ಹೊರಬಿದ್ದು, ಮರದ ತುದಿಯನ್ನು ಬಳಸಿ, ಮೂತಿಯನ್ನು ಪ್ರವಾಹಕ್ಕೆ ಎದುರು ಹಿಡಿದು ಮೇಲೇರಿತು.

“ಏಯ್! ಮೊದಲು ಮೀಸೆಯೋರು!” ಎಂದು ಕುರ್ಚಿ ಅಂಗಡಿಯವನು ಕೂಗಿದ. “ಅವರು ಆಗಿನಿಂದ ಕಾಯ್ತಿದಾರೆ! ಮೇಷ್ಟ್ರು ಈಗ ಬಂದೋರು! ಲೈನ್ ಪ್ರಕಾರ ಬನ್ನಿ!”

ಸೈರನ್ ಬೂಟುಗಳನ್ನು ಎದೆಗವಚಿಕೊಂಡು ಕೆಳಗಿನ ಮೆಟ್ಟಿಲ ಕಡೆ ಓಡಿದಳು. ಹಿಂದೆಯೇ ಪೆನ್ಸಿಲ್ ಓಡಿದ.

ಮೆಟ್ಟಿಲಿಂದ ಎಲ್ಲ ಹತ್ತಿರ ಕಾಣುತ್ತಿತ್ತು. ಬ್ಯಾನರ್ ಹಾವಿನ ಹಾಗೆ ಹೊರಳುತ್ತಾ ಬೋಟಿನ ಕಡೆಗೇ ಬರುತ್ತಿತ್ತು. ಅದು ನೀರೊಳಗೆ ತಿರುಗುವ ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಂಡರೆ ಮುಗಿಯಿತು, ಬೋಟೂ ಮರಕ್ಕೆ, ಮೇಷ್ಟ್ರೂ ಮರಕ್ಕೆ.

ಅಮ್ಮ ಎಂಜಿನ್ ಆರಿಸಿದಳು. ಆರಿಸಿ, ಅದನ್ನು ಬಗ್ಗಿಸಿ ನೀರಿನಿಂದ ಮೇಲೆತ್ತಿಬಿಟ್ಟಳು!

“ಅಯ್ಯೋ, ಆಫ್ ಮಾಡಿದ್ರು!” ಎಂದು ಸೇತುವೆ ಕಿರುಚಿತು.

ಬೋಟು ಹಿಂದಕ್ಕೆ ಜಾರಿತು. ಅಮ್ಮ ಹುಟ್ಟು ಹಿಡಿದು ಮೂತಿ ಅಲುಗದಂತೆ ನೋಡಿಕೊಂಡಳು. ಬ್ಯಾನರ್ ಬೋಟಿನ ಅಡಿಯಲ್ಲಿ ಸುಳಿದುಹೋಯಿತು. ಎರಡು ಬೊಂಬು ಪಕ್ಕದಲ್ಲಿ ಹೋದವು. ಕುರ್ಚಿ, ಯಾರೋ ಅದೃಶ್ಯ ಮನುಷ್ಯರು ಕೂತ ಹಾಗೆ ನೆಟ್ಟಗೆ, ಗಂಭೀರವಾಗಿ ಹೋಯಿತು. ಬೋಟು ಇನ್ನೂ ಜಾರುತ್ತಿತ್ತು, ಆದರೆ ಮರ ಇನ್ನೂ ದೂರವಿತ್ತು. ಅಷ್ಟು ಜಾಗವನ್ನು ಅಮ್ಮ ಮೊದಲೇ ಬಿಟ್ಟುಕೊಂಡಿದ್ದಳು.

ಎಂಜಿನ್ ಮತ್ತೆ ನೀರಿಗಿಳಿಯಿತು. ಅದರ ದಾರಕ್ಕೆ ಒಂದು ಎಳೆತ, ಹತ್ತಲಿಲ್ಲ. ಇನ್ನೊಂದು ಎಳೆತ. ಹತ್ತಿತು.

ಆಮೇಲೆ ಬೋಟು ನಿಂತುಬಿಟ್ಟಿತು. ಸುತ್ತ ನೀರು ನೊರೆಯೆಬ್ಬಿಸಿ ಓಡುತ್ತಿದೆ, ಎಂಜಿನ್ ಗುರುಗುಡುತ್ತಿದೆ, ಆದರೆ ಬೋಟು ಮಾತ್ರ ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ ಪಟದ ಹಾಗೆ ನಿಂತಲ್ಲೇ ನಿಂತಿದೆ.

“ನಿಂತೇ ಹೋಯ್ತಲ್ಲೇ,” ಎಂದ ಪೆನ್ಸಿಲ್, ಅಳು ದನಿಯಲ್ಲಿ. “ಕೆಟ್ಟೋಯ್ತಾ?”

ಸೈರನ್ ಅಮ್ಮನ ಕೈಯನ್ನೇ ನೋಡುತ್ತಿದ್ದಳು. ಆ ಕೈ ಒಂದು ಕೂದಲೆಳೆಯಷ್ಟು ಅತ್ತ, ಒಂದು ಕೂದಲೆಳೆಯಷ್ಟು ಇತ್ತ ಆಡುತ್ತಿತ್ತು.

“ಕೆಟ್ಟಿಲ್ಲ ಕಣೋ,” ಎಂದಳು. “ಅಮ್ಮ ನಿಲ್ಲಿಸಿದಾಳೆ.”

ನಿಂತ ಬೋಟಿನಿಂದ ಹಗ್ಗದ ಮಾಮ ಗುರಿಯಿಟ್ಟು ಚೀಲ ಎಸೆದ. ಹಗ್ಗ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹೋಗಿ ಮೇಷ್ಟ್ರ ಹೆಗಲ ಮೇಲೆ ಬಿತ್ತು. ಮೇಷ್ಟ್ರು ಹಿಡಿಯಲಿಲ್ಲ. ಅವರ ಎರಡೂ ಕೈ ಪೀಪಿಯನ್ನು ಬಿಗಿಯಾಗಿ ಹಿಡಿದಿದ್ದವು.

“ಹೆದರ್ಬೇಡಿ, ಬಂದೆ!” ಅಮ್ಮನ ದನಿ ಕೇಳಿಸಿತು. ಗದರುವ ದನಿಯಲ್ಲ, ಮನೆಯಲ್ಲಿ ಊಟಕ್ಕೆ ಕರೆಯುವ ದನಿ. “ಪೀಪಿ ಬಿಡಿ ಮೇಷ್ಟ್ರೇ. ಹಗ್ಗ ಹಿಡೀರಿ. ಹಾಂ, ಹಾಗೇ.”

ಮೇಷ್ಟ್ರು ಪೀಪಿ ಬಿಟ್ಟರು. ಹಗ್ಗ ಹಿಡಿದರು.

ಅಮ್ಮ ಬೋಟನ್ನು ಮೆಲ್ಲಗೆ, ಮರದಿಂದ ದೂರಕ್ಕೆ, ಓರೆಯಾಗಿ ಜಾರಲು ಬಿಟ್ಟಳು. ಹಗ್ಗದ ತುದಿಯಲ್ಲಿ ಮೇಷ್ಟ್ರೂ ಜಾರಿದರು. ಅವರ ಬರಿಗಾಲು ಮರದ ತುದಿಯ ಎಲೆಗಳನ್ನು ಸವರಿಕೊಂಡು ಹೋಯಿತು. ಎಲೆಗಳನ್ನಷ್ಟೇ. ಕೆಳಗಿನ ನಿಂತ ನೀರಿಗೆ ಬಂದ ಮೇಲೆ ಅಮ್ಮ ಎಂಜಿನ್ ಆರಿಸಿದಳು. ಇಬ್ಬರೂ ಸೇರಿ ಒದ್ದೆ ಹಾಸಿಗೆ ಎಳೆದ ಹಾಗೆ ಮೇಷ್ಟ್ರನ್ನು ಬೋಟಿಗೆ ಎಳೆದುಕೊಂಡರು.

ಕೆಳಗಿನ ಮೆಟ್ಟಿಲಿಗೆ ತಂದು ಕೂರಿಸಿದಾಗ ಮೇಷ್ಟ್ರು ತುಂಬಾ ಹೊತ್ತು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಅವರ ಮೊದಲ ಮಾತು:

“ಅವರು... ಮೀಸೆಯೋರು... ಹೇಗಿದಾರೆ?”

ಹಗ್ಗದ ಮಾಮ ಬಾಯಿ ತೆರೆದ. ಅಮ್ಮ ಅವನ ಹೆಗಲು ಮುಟ್ಟಿದಳು.

“ಈಗ ಕರ್ಕೊಂಡು ಬರ್ತೀವಿ,” ಎಂದಳು ಮೇಷ್ಟ್ರಿಗೆ. “ನೀವು ಕೂತಿರಿ.” ಮಗಳ ಕಡೆ ತಿರುಗಿದಳು. “ನೋಡ್ಕೋ ಇವರನ್ನ.”

ಬೋಟು ಮತ್ತೆ ಹೊರಟಿತು. ಮತ್ತೆ ಕೆಳಗಿನಿಂದ, ಮತ್ತೆ ಮೂತಿ ಎದುರು ಮಾಡಿ, ಮತ್ತೆ ಅಷ್ಟೇ ಮೆಲ್ಲಗೆ. ಹಗ್ಗದ ಮಾಮ ಕೊಂಬೆಯಿಂದ ಶರ್ಟು ಬಿಡಿಸಿದ. ಅಮ್ಮ ಗೋಣಿ ಮಾವನ ಕಂಕುಳಿಗೆ ಕೈ ಹಾಕಿದಳು. ಅವಳ ದನಿ ನೀರಿನ ಮೇಲೆ ಮೆಟ್ಟಿಲವರೆಗೂ ಬಂತು.

“ಹೆದರ್ಬೇಡಿ, ಬಂದೆ. ಹಾಂ, ಹಾಗೇ.”

ಠಾಣೆಯಲ್ಲಿ ಅಮ್ಮ ಹೀಗೆ ಗೋಣಿಚೀಲದ ಹತ್ತಿರ ಮಾತಾಡುವುದನ್ನು ನೋಡಿ ಸೈರನ್ ಎಷ್ಟೋ ಸಲ ಬಿದ್ದು ಬಿದ್ದು ನಕ್ಕಿದ್ದಳು. ಇವತ್ತು ನಗು ಬರಲಿಲ್ಲ. ಪಕ್ಕದಲ್ಲಿ ಮೇಷ್ಟ್ರು ನಡುಗುತ್ತಾ ಕೂತಿದ್ದರು. ಅವರ ಕಾಲ್ಬೆರಳಿಗೆ ಒಂದು ಹಸಿರೆಲೆ ಅಂಟಿಕೊಂಡಿತ್ತು.

ಗೋಣಿ ಮಾವನನ್ನು ದಡಕ್ಕೆ ತಂದಾಗ ಜನ ಮುತ್ತಿಕೊಂಡರು. ತರಕಾರಿ ಚೀಲದವರು ತಮ್ಮ ಶಾಲು ಹೊದಿಸಿದರು. “ಕೈ ಎಷ್ಟು ತಣ್ಣಗಿದೆ! ತಿಕ್ಕಿ, ತಿಕ್ಕಿ!” ಎಂದು ತಾವೇ ತಿಕ್ಕಿದರು. ತೋಳಿನೊಳಗಿಂದ ಮರಳು ಸುರಿಯಿತು. ಒಂದು ಥರ್ಮಕೋಲ್ ಚೂರು ಹಾರಿ ಅವರ ಮೂಗಿಗೆ ಅಂಟಿತು.

ಅವರು ತಿಕ್ಕುವುದನ್ನು ನಿಲ್ಲಿಸಿದರು.

ಸಲೂನಿನವನು ಬಗ್ಗಿ ನೋಡಿದ. ಮೀಸೆ ಕರಗಿ ಗದ್ದದವರೆಗೂ ಇಳಿದಿತ್ತು. “ನಂಗೆ ಆಗ್ಲೇ ಡೌಟ್ ಬಂತು,” ಎಂದ. “ಇದು ನನ್ನ ಟ್ರಿಮ್ಮಿಂಗ್ ಅಲ್ಲ.”

“ಹಾಗಾದ್ರೆ ನನ್ನ ಕುರ್ಚಿ?” ಎಂದ ಅಂಗಡಿಯವನು.

ಮೇಲಿನಿಂದ ಮೈಕಿನಲ್ಲಿ ಅಧಿಕಾರಿಗಳ ದನಿ ಕೇಳಿಬಂತು. “ಹನ್ನೊಂದನೆಯದಾಗಿ...”

ಆಗ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ದಡವೆಲ್ಲ ನಗತೊಡಗಿತು. ಕ್ಲಾಸಿನವರೂ ಇಳಿದು ಬಂದಿದ್ದರು. “ಸರ್ ಬೊಂಬೆ ಕಾಪಾಡೋಕೆ ಹಾರಿದ್ರು!” ಎಂದು ಒಬ್ಬ ಹೇಳಿದ್ದೇ ತಡ, ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಪೆನ್ಸಿಲ್ ಮಾತ್ರ ತನ್ನ ಬೂಟಿನ ತುದಿಯನ್ನು ನೋಡುತ್ತಾ ನಿಂತಿದ್ದ.

ಮೇಷ್ಟ್ರು ಮೆಲ್ಲಗೆ ಎದ್ದು ಬಂದರು. ಶಾಲು ಹೊದ್ದು ಮಲಗಿದ್ದ ಗೋಣಿ ಮಾವನನ್ನು ನೋಡಿದರು. ಬಗ್ಗಿ ಅವನ ಹೊಟ್ಟೆಯನ್ನು ಒಮ್ಮೆ ಒತ್ತಿದರು. ಅದರಿಂದ ನೀರು ಇಳಿಯಿತು.

“ಬೊಂಬೇನಾ?” ಎಂದರು. ಕಣ್ಣು ಮುಚ್ಚಿ ಉಸಿರು ಬಿಟ್ಟರು. “ಸದ್ಯ. ಮನುಷ್ಯ ಅಲ್ವಲ್ಲ. ಸದ್ಯ.”

ಹತ್ತಿರದಲ್ಲಿದ್ದವರ ನಗು ನಿಂತಿತು. ದೂರದಲ್ಲಿದ್ದವರು ಇನ್ನೂ ನಗುತ್ತಿದ್ದರು.

ಸ್ವಲ್ಪ ಹೊತ್ತಿಗೆ ಜನ ಕರಗಿದರು. ಪೇಂಟರ್ ಹೊಳೆಯ ಉದ್ದಕ್ಕೂ ತನ್ನ ಬೊಂಬುಗಳನ್ನು ಹುಡುಕುತ್ತಾ ಹೋದ. ಸೋಪಿನ ನೊರೆ ಒಣಗಿದ ಗಿರಾಕಿ ಸಲೂನಿನವನನ್ನು ಎಳೆದುಕೊಂಡು ಹೋದ. ಅಮ್ಮ ಬೋಟು ಕಟ್ಟಿ, ಲೈಫ್ ಜಾಕೆಟ್ ಬಿಚ್ಚಿ, ಮೆಟ್ಟಿಲ ಮೇಲೆ ಮೇಷ್ಟ್ರಿಂದ ಕೊಂಚ ಈಚೆಗೆ ಕೂತಳು. ಟೀ ಅಂಗಡಿಯವನು ಇಬ್ಬರಿಗೂ ಕಪ್ಪು-ಸಾಸರಿನಲ್ಲಿ ಟೀ ತಂದುಕೊಟ್ಟ.

ಟಕ ಟಕ ಟಕ ಟಕ ಎಂದು ಸದ್ದಾಯಿತು.

ಮೇಷ್ಟ್ರ ಟೀ ಕಪ್ಪು ಅದರ ಸಾಸರಿನ ಮೇಲೆ ಕುಣಿಯುತ್ತಿತ್ತು. ಸೈರನ್ ತಿರುಗಿದಳು. ಅಮ್ಮನ ಕಪ್ಪೂ ಕುಣಿಯುತ್ತಿತ್ತು. ಟೀ ತುಳುಕಿ ಸಾಸರಿಗೆ, ಸಾಸರಿನಿಂದ ಮಂಡಿಗೆ ಬೀಳುತ್ತಿತ್ತು. ಅಮ್ಮ ಹೊಳೆಯ ಕಡೆಗೇ ನೋಡುತ್ತಿದ್ದಳು. ತನ್ನ ಕೈ ನಡುಗುತ್ತಿರುವುದು ಅವಳಿಗೆ ಗೊತ್ತೇ ಇದ್ದ ಹಾಗಿರಲಿಲ್ಲ.

ಸೈರನ್ ಆ ಕೈಯನ್ನು ನೋಡುತ್ತಾ ನಿಂತಳು. ಆಮೇಲೆ ಮೇಷ್ಟ್ರ ಬೂಟುಗಳನ್ನು ಅವರ ಕಾಲ ಬಳಿ ಜೋಡಿಸಿಟ್ಟು, ಇಬ್ಬರ ನಡುವೆ ಬಂದು ಕೂತಳು. ಒಂದು ಅಂಗೈಯನ್ನು ಮೇಷ್ಟ್ರ ಸಾಸರಿನ ಕೆಳಗೆ ಇಟ್ಟಳು, ಇನ್ನೊಂದನ್ನು ಅಮ್ಮನ ಸಾಸರಿನ ಕೆಳಗೆ. ಸದ್ದು ನಿಂತಿತು.

“ನಿಧಾನವಾಗಿ ಕುಡೀರಿ,” ಎಂದಳು. “ಅವಸರ ಏನಿಲ್ಲ.”